ಡಬರಿಯಲ್ಲಿ ಏನಿತ್ತು?

ಅಜ್ಜೀಪುರ
12 ನವೆಂಬರ್ 2024

ಪವಿತ್ರ,

ಹೆಸರಿನ ಹಿಂದೆ ಚಿ. ಸೌ. ಸೇರಿಸಿ ಬರೆಯುವುದು ರೂಢಿ. ಬೇಕೆಂದೇ ಸೇರಿಸಿಲ್ಲ. ಸಿಟ್ಟು ಇಳಿದ ಮೇಲೆ ಸೇರಿಸುತ್ತೇನೆ, ಇಳಿದರೆ.

ನಾನು ಕೆಂಪಾಜಮ್ಮ. ನಿನ್ನ ಅವ್ವ ದೊಡ್ಡಮಾದಮ್ಮನ ಎದುರು ಮನೆಯವಳು. ಅವಳು ಹೋದಾಗಿನಿಂದ, ಅಂದರೆ ಆರು ವರ್ಷದಿಂದ ನೀನು ಈ ಬೀದಿಗೆ ಕಾಲಿಟ್ಟಿಲ್ಲ, ಅದಕ್ಕೇ ಗುರುತು ಹೇಳಿಕೊಳ್ಳುತ್ತಿದ್ದೇನೆ. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿದು ಬಿಸಾಡುವವರೂ ಒಂದು ಸಲ ಓದಿಯೇ ಹರಿಯುತ್ತಾರೆ.

ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಕೊಲೆ ಕೇಸುಗಳನ್ನು ನಾಟಕ ಮಾಡಿ ತೋರಿಸುತ್ತಾರಲ್ಲ, ‘ನಿಜವಾಗಿ ನಡೆದದ್ದು’ ಅಂತ ಕೆಂಪು ಅಕ್ಷರದಲ್ಲಿ ಬರೆದು, ಅದನ್ನು ನಮ್ಮ ಬೀದಿಯ ಹೆಂಗಸರೆಲ್ಲ ಶಿವನಂಜಯ್ಯನ ಮನೆಯಲ್ಲಿ ಕೂತು ನೋಡುತ್ತೇವೆ. ಅವನದು ದೊಡ್ಡ ಟಿವಿ. ಕಳ್ಳರನ್ನು ಹಿಡಿಯುವುದರಲ್ಲಿ ನಾನು ಎತ್ತಿದ ಕೈ. ಟಿವಿಯ ಪೊಲೀಸರು ಇನ್ನೂ ಜೀಪು ಹತ್ತುತ್ತಿರುವಾಗಲೇ ‘ಇವನೇ’ ಅಂತ ಹೇಳಿಬಿಡುತ್ತೇನೆ.

ಮೊನ್ನೆಯದರಲ್ಲಿ ಒಬ್ಬಳು ಒಂಟಿ ಮುದುಕಿ. ಎದುರು ಮನೆಯ ಹೆಂಗಸೊಬ್ಬಳು ಕಣ್ಣಿಗೆ ಕಾಡಿಗೆ ಮೆತ್ತಿಕೊಂಡು, ಕೈಯಲ್ಲಿ ಖಾಲಿ ಪಾತ್ರೆ ಹಿಡಿದು, ಮುದುಕಿಯ ಓಲೆಯನ್ನೂ ಸರವನ್ನೂ ನೋಡುತ್ತ ಒಳಗೆ ಬಂದಳು. ನಾನು ಕಡಲೆಕಾಯಿ ಸುಲಿಯುತ್ತಿದ್ದವಳು, “ಇವ್ಳೇ ಕಣ್ರಮ್ಮಿ. ಕಣ್ಣ್ ನೋಡಿ, ಕಳ್ಳಿ ಕಣ್ಣು” ಅಂದೆ. ಎಲ್ಲರೂ ನಕ್ಕರು. ಆಮೇಲೆ ಬಸ್ ಸ್ಟಾಪಿನ ಬೋರ್ಡು ತೋರಿಸಿದರು. ಅಜ್ಜೀಪುರ. ನಕ್ಕವರೆಲ್ಲ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು.

ಒಡವೆಗೆ ಪಾಲಿಶ್ ಹಾಕುತ್ತೇವೆ ಅಂತ ಬಂದು ನಿನ್ನ ಅವ್ವನನ್ನು ಕೊಂದ ಆ ಇಬ್ಬರು ಸಿಕ್ಕಿಬಿದ್ದು, ಅವರಿಗೆ ಶಿಕ್ಷೆಯೂ ಆಗಿ ಎಷ್ಟು ಕಾಲವಾಯಿತು? ಟಿವಿಯವರಿಗೆ ಅಷ್ಟು ಸಾಲಲಿಲ್ಲ. ಅವರಿಗೆ ಒಳಗಿನ ಸುದ್ದಿ ಕೊಟ್ಟವಳು ಎದುರು ಮನೆಯವಳು, ಪಾತ್ರೆ ಕೊಡುವ ನೆಪದಲ್ಲಿ ಬಂದು ಮನೆಯನ್ನು ಅಳೆದು ಹೋದಳು ಅಂತ ಸೇರಿಸಿದ್ದಾರೆ. ಕೊನೆಗೆ ನೀನು ಬಂದೆ. ನಮ್ಮೆಲ್ಲರ ಹೆಸರು ಬದಲಾಯಿಸಿದ್ದಾರೆ, ನಿನ್ನ ಮುಖ ಬದಲಾಯಿಸಿಲ್ಲ. “ಎದುರು ಮನೆಯವರು ಪಾತ್ರೆ ಕೊಡೋಕೆ ಬಂದಿದ್ರು” ಅಂದೆ, ಕಣ್ಣು ಒರೆಸಿಕೊಂಡೆ, ಮುಗಿಯಿತು.

ಕಳ್ಳಿ ಅಂದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆ ಕಾಲದಲ್ಲಿ ಪೊಲೀಸರೂ ನನ್ನನ್ನು ಕೂರಿಸಿ ಕೇಳಿದರು, ಅದು ಅವರ ಕೆಲಸ, ಕೇಳಿ ಕಳಿಸಿದರು. ಆದರೆ ಖಾಲಿ ಪಾತ್ರೆ! ಯಾರ ಮನೆಯ ಪಾತ್ರೆಯನ್ನಾದರೂ ನಾನು ಖಾಲಿಯಾಗಿ ಹಿಂದಿರುಗಿಸಿದ್ದನ್ನು ನೀನು ಹುಟ್ಟಿದಾಗಿನಿಂದ ಕಂಡಿದ್ದೀಯಾ?

ನಿನ್ನ ಅವ್ವ ಹಿಂದಿನ ದಿನ ಅವಳ ಸ್ಟೀಲ್ ಡಬರಿಯಲ್ಲಿ ಮಸ್ಸೊಪ್ಪು ಕಳಿಸಿದ್ದಳು. ನಾನು ಅವರೆಕಾಳು ನೆನೆಹಾಕಿ, ಕೂತು ಹಿತುಕಿ, ಬೇಳೆಯನ್ನು ಡಬರಿಯ ಕಂಠದವರೆಗೆ ತುಂಬಿಸಿದೆ. ಅವಳ ಬೆರಳು ಸೆಟೆದುಕೊಂಡು ಹಿತುಕಲು ಆಗುತ್ತಿರಲಿಲ್ಲ, ಹಿತುಕಿದ ಬೇಳೆ ಸಾರು ಅಂದರೆ ಪ್ರಾಣ. ಅವಳಿಗೆ ಹೇಳಬೇಕೆಂದು ಒಂದು ಮಾತನ್ನೂ ಬಾಯಲ್ಲಿಟ್ಟುಕೊಂಡು ಬೀದಿ ದಾಟಿದೆ. ಬಾಗಿಲು ತೆರೆದಿತ್ತು. ಡಬರಿ ಕೈಜಾರಿತು. ಮಾತು ಬಾಯಲ್ಲೇ ಉಳಿಯಿತು.

ಒಂದೇ ಪ್ರಶ್ನೆ. ಡಬರಿಯಲ್ಲಿ ಏನಿತ್ತು ಅಂತ ಅವರಿಗೆ ಹೇಳಿದೆಯೋ, ಇಲ್ಲವೋ?

ನಿನ್ನ ಅವ್ವನ ಎದುರು ಮನೆಯವಳು,
ಕೆಂಪಾಜಮ್ಮ

*

ಯಳಂದೂರು
24 ನವೆಂಬರ್ 2024

ಚಿಕ್ಕವ್ವನಿಗೆ ಪವಿತ್ರ ಮಾಡುವ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಹರಿಯಲಿಲ್ಲ.

ಟಿವಿಯವರು ನನ್ನ ಟೈಲರಿಂಗ್ ಅಂಗಡಿಗೇ ಬಂದಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೇಳಿದರು. ಅವ್ವನ ಬಗ್ಗೆ ಬಹಳ ಹೇಳಿದೆ. ಅದರಲ್ಲಿ ಅವರು ಇಟ್ಟುಕೊಂಡದ್ದು ಆ ಒಂದು ಮಾತು. ನಾನು ಸುಳ್ಳು ಹೇಳಿಲ್ಲ. ನೀವು ಪಾತ್ರೆ ಕೊಡಲು ಹೋಗಿದ್ದು ನಿಜ ತಾನೆ? ಮಿಕ್ಕದ್ದನ್ನು ಅವರು ಕಟ್ಟಿಕೊಂಡರೆ ನಾನೇನು ಮಾಡಲಿ? ಅವ್ವನಿಗೂ ಅವರು ರೇಷ್ಮೆ ಸೀರೆ ಉಡಿಸಿ ಮಂಚದ ಮೇಲೆ ಕೂರಿಸಿದ್ದಾರೆ. ಅವ್ವ ಹಗಲು ಹೊತ್ತಿನಲ್ಲಿ ಮಂಚದ ಮೇಲೆ ಕೂತದ್ದನ್ನು ನಾನಂತೂ ಕಾಣೆ.

ನಿಮಗೆ ಬೇಜಾರಾಗಿದ್ದರೆ ನನಗೂ ಬೇಜಾರೇ. ಆದರೆ ಅದು ಟಿವಿ, ಇನ್ನೊಂದು ಭಾನುವಾರ ಇನ್ನೊಂದು ಕೊಲೆ ಬರುತ್ತದೆ. ಜನ ಮರೆಯುತ್ತಾರೆ, ನೀವೂ ಮರೆತುಬಿಡಿ. ನನಗೆ ಆ ಬೀದಿ, ಆ ಮನೆ ನೆನೆಸಿಕೊಂಡರೆ ಸಂಕಟವಾಗುತ್ತದೆ. ಅವ್ವನ ಕೊನೆಯ ಮುಖವನ್ನು ನೀವು ನೋಡಿದಿರಿ, ನನಗೆ ಫೋನಿನಲ್ಲಿ ಗೊತ್ತಾಯಿತು. ಅದು ನಿಮ್ಮ ತಪ್ಪಲ್ಲ. ಆದರೂ ನಿಮ್ಮ ದನಿ ಕೇಳಿದರೆ ಆ ಫೋನೇ ನೆನಪಾಗುತ್ತದೆ, ಅದಕ್ಕೇ ಕಟ್ ಮಾಡುತ್ತಿದ್ದೆ.

ಅವ್ವನಿಗೆ ನೀವು ಇಷ್ಟು ವರ್ಷ ಮಾಡಿದ ಎಲ್ಲ ಉಪಕಾರಕ್ಕೆ ಹೃತ್ಪೂರ್ವಕ ಧನ್ಯವಾದಗಳು.

ಇಂತಿ,
ಪವಿತ್ರ

*

ಅಜ್ಜೀಪುರ
3 ಡಿಸೆಂಬರ್ 2024

ಪವಿತ್ರ,

ನಿನ್ನ ಧನ್ಯವಾದಗಳನ್ನು ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ಮದುವೆ ಛತ್ರದ ಬ್ಯಾನರಿಗೆ ಬೇಕಾದರೆ ಹಾಕಿಸು.

ನಿನ್ನ ಅವ್ವ, ನಾನು ಮೂವತ್ತು ವರ್ಷ ಎದುರುಬದುರು ಬಾಳಿದೆವು. ಆ ಪದ ನಮ್ಮಿಬ್ಬರ ಬಾಯಿಗೆ ಬಂದದ್ದಿಲ್ಲ. ಅವಳು ಸಾರು ಕಳಿಸಿದರೆ ಅದೇ ಪಾತ್ರೆಯಲ್ಲಿ ನಾಲ್ಕು ನುಗ್ಗೆಕಾಯಿ ಹೋಗುತ್ತಿತ್ತು. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚೂರು ಬೆಲ್ಲ, ಒಂದು ಹಿಡಿ ರಾಗಿ ಹಿಟ್ಟು. ಜಗಳವಾಡಿದ ವಾರವೂ ಹೋಗುತ್ತಿತ್ತು, ಆದರೆ ಪಾತ್ರೆಯನ್ನು ಜಗುಲಿಯ ಮೇಲೆ ಕುಕ್ಕಿ ಬರುತ್ತಿದ್ದೆವು. ಇದು ನಿನಗೆ ಗೊತ್ತಿಲ್ಲದ್ದಲ್ಲ. ನಮ್ಮ ಎರಡು ಬಾಗಿಲ ನಡುವೆ ಪಾತ್ರೆ ಹಿಡಿದು ಓಡಾಡಿಯೇ ನೀನು ನಡಿಗೆ ಕಲಿತದ್ದು.

ಜನ ಮರೆಯುತ್ತಾರೆ ಅಂದೆಯಲ್ಲ, ಅವರು ಹೇಗೆ ಮರೆತರು ಅಂತ ಕೇಳು. ನಮ್ಮ ಪಕ್ಕದ ಮನೆಯ ಲಕ್ಷ್ಮಿದೇವಿಯ ಸೊಸೆ ಕೋಮಲ ತುಂಬಿದ ಬಸುರಿ. ಬಾಯಿಗೆ ರುಚಿಯಿಲ್ಲ ಅಂದಳೆಂದು ಹುಣಸೆಕಾಯಿ ತೊಕ್ಕು, ಬಿಸಿ ರೊಟ್ಟಿ ಕಳಿಸಿದೆ. ಸಂಜೆಗೆ ಪಾತ್ರೆ ವಾಪಸ್ ಬಂತು. ಬೂದಿ ಹಾಕಿ ಬೆಳಗಿದ್ದರು, ಫಳಫಳ ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ. ಮಾರನೆಯ ದಿನ ಶಿವನಂಜಯ್ಯನ ಮನೆಗೆ ಕಳಿಸಿದೆ. ಅದೂ ಖಾಲಿ. ಸೂತಕದ ಮನೆಯಿಂದ ಮಾತ್ರ ಪಾತ್ರೆ ಖಾಲಿ ಬರುತ್ತದೆ ಪವಿತ್ರ. ನಮ್ಮ ಬೀದಿಯ ಯಾವ ಮನೆಯಲ್ಲಿ ಯಾರು ಸತ್ತಿದ್ದಾರೆ? ನನ್ನ ಹೆಸರು ಸತ್ತಿದೆ, ಅದಕ್ಕೆ ಎಲ್ಲರೂ ಸೂತಕ ಹಿಡಿದಿದ್ದಾರೆ.

ಲಕ್ಷ್ಮಿದೇವಿಯನ್ನು ನಲ್ಲಿಯ ಹತ್ತಿರ ಅಡ್ಡಹಾಕಿ ಕೇಳಿದೆ. “ನಾವೇನ್ ಅಂದಿಲ್ಲ ಕಣಕ್ಕ. ಇವ್ಳೇ ಅಂತ ನೀನೇ ತಾನೆ ಅಂದದ್ದು” ಅಂದಳು. ನನ್ನ ಬಾಯಿಗೆ ನಾನೇ ಸಿಕ್ಕಿಬಿದ್ದೆ. ಇದುವರೆಗೆ ಎಷ್ಟು ಭಾನುವಾರ, ಎಷ್ಟು ಊರಿನ ಹೆಂಗಸರನ್ನು ಕಡಲೆಕಾಯಿ ತಿನ್ನುತ್ತ ಕಳ್ಳಿ ಮಾಡಿದ್ದೇನೋ! ಅವರೂ ಯಾವುದೋ ಬೀದಿಯಲ್ಲಿ ಪಾತ್ರೆ ಕಾಯುತ್ತ ಕೂತಿರಬಹುದು.

ಕೋಮಲಳಿಗೆ ಹುಟ್ಟುವ ಮಗುವಿಗೆ ಎಣ್ಣೆ ನೀರು ಹಾಕಲು ರಾಮಾಪುರದಿಂದ ಬೇರೆಯವಳನ್ನು ಗೊತ್ತುಮಾಡಿದ್ದಾರೆ. ಈ ಬೀದಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ನನ್ನ ಚಾಚಿದ ಕಾಲ ಮೇಲೆ ಅಂಗಾತ ಮಲಗಿ ನೀರು ಹುಯ್ಯಿಸಿಕೊಂಡವರು. ಕೋಮಲಳ ಗಂಡನೂ. ನೀನೂ. ನೀರು ಬಿದ್ದ ಕೂಡಲೇ ನನ್ನ ಮೇಲೆ ಉಚ್ಚೆ ಹೊಯ್ಯುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ.

ನಮ್ಮ ಯಜಮಾನರು, “ಬುಡಮ್ಮಿ, ನಾಕ್ ದಿನ ಮನೇಲಿರು, ಎಲ್ಲಾ ಸರಿ ಓಯ್ತದೆ” ಅನ್ನುತ್ತಾರೆ. ನಾನೇಕೆ ಮನೆಯೊಳಗಿರಲಿ? ದಿನಕ್ಕೊಂದು ಮನೆಗೆ ಪಾತ್ರೆ ಕಳಿಸುತ್ತಿದ್ದೇನೆ. ಖಾಲಿ ಬರಲಿ. ಕಳಿಸುವವಳು ನಾನು, ನಾಚಿಕೊಳ್ಳಬೇಕಾದವರು ಅವರು.

ನೀನು ಇಲ್ಲಿಗೆ ಬಂದು, ನಾಲ್ಕು ಜನರ ಎದುರು, ಡಬರಿಯಲ್ಲಿ ಏನಿತ್ತು ಅಂತ ಹೇಳು. ನನಗೆ ಬೇಕಾದದ್ದು ಅಷ್ಟೇ.

ಕೆಂಪಾಜಮ್ಮ

*

ಅಜ್ಜೀಪುರ
27 ಡಿಸೆಂಬರ್ 2024

ಪವಿತ್ರ,

ಉತ್ತರವಿಲ್ಲ. ಇರಲಿ.

ಕೋಮಲಳಿಗೆ ಹೆಣ್ಣು ಮಗು. ಗೋಡೆಯಾಚೆ ಆ ರಾಮಾಪುರದವಳು ನೀರು ಹಾಕುವಾಗ ಕೂಸು ಚೀರುವುದು ಕೇಳುತ್ತದೆ. ಹಸಿವಿನ ಅಳು ಬೇರೆ, ಬಿಸಿ ತಾಕಿದ ಅಳು ಬೇರೆ. ನಿನ್ನೆ ತಡೆಯಲಾರದೆ ಗೋಡೆಯ ಈಚೆಯಿಂದಲೇ, “ನೀರು ಬಿಸಿ ಜಾಸ್ತಿ ಕಣಮ್ಮಿ, ತಣ್ಣೀರು ಬೆರ್ಸು!” ಅಂತ ಕೂಗಿದೆ. ಆಮೇಲೆ ಚೊಂಬಿನ ಸದ್ದು. ಆಮೇಲೆ ಅಳು ನಿಂತಿತು. ಬೆರೆಸಿದರು ಅಂತ ಕಾಣುತ್ತದೆ. ಕಳ್ಳಿಯ ಮಾತನ್ನು ನೀರಿನ ವಿಷಯದಲ್ಲಿ ಮಾತ್ರ ಕೇಳಬಹುದೇನೋ.

ಬರುವ ಜನವರಿ ಹನ್ನೆರಡನೇ ತಾರೀಕು ಭಾನುವಾರ ಅದೇ ಕಂತನ್ನು ಮತ್ತೆ ಹಾಕುತ್ತಾರಂತೆ. ಜನ ಬಹಳ ಮೆಚ್ಚಿದರು ಅಂತ. ಆವತ್ತು ನಾನು ಶಿವನಂಜಯ್ಯನ ಮನೆಗೆ ಹೋಗಿ ಎಲ್ಲರಿಗಿಂತ ಮುಂದೆ ಕೂರುತ್ತೇನೆ. ಆ ಖಾಲಿ ಪಾತ್ರೆ ಬಂದ ಗಳಿಗೆಯಲ್ಲಿ ಎದ್ದು ನಿಲ್ಲುತ್ತೇನೆ. ನೀನು ಬಂದರೂ ನಿಲ್ಲುತ್ತೇನೆ, ಬರದಿದ್ದರೂ ನಿಲ್ಲುತ್ತೇನೆ.

ಕೆಂಪಾಜಮ್ಮ

*

ಯಳಂದೂರು
2 ಜನವರಿ 2025

ಚಿಕ್ಕವ್ವನಿಗೆ ನಮಸ್ಕಾರ.

ಬರೆಯಬಾರದು ಅಂತಲೇ ಇದ್ದೆ. ಮೊನ್ನೆ ಗಿರಾಕಿಯೊಬ್ಬರು ಬ್ಲೌಸ್ ತೆಗೆದುಕೊಳ್ಳಲು ಬಂದಾಗ ಒಂದು ಡಬ್ಬಿಯಲ್ಲಿ ಗಿಣ್ಣು ತಂದುಕೊಟ್ಟರು. ಡಬ್ಬಿ ತೊಳೆದು ಕೊಡುವಾಗ ನನ್ನ ಕೈ ತಾನಾಗಿ ಎರಡು ಬಾಳೆಹಣ್ಣು ತೆಗೆದು ಅದರೊಳಗೆ ಇಟ್ಟಿತು. ಇಟ್ಟ ಮೇಲೆ ಗೊತ್ತಾಯಿತು. ಮುಚ್ಚಳ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಟಿವಿಯ ಆ ಹುಡುಗಿ, “ಅವರು ಯಾಕೆ ಬಂದಿದ್ದರು?” ಅಂತ ಕೇಳಿದಳು. ಪಾತ್ರೆ ಕೊಡೋಕೆ ಅಂದೆ. ಪಾತ್ರೆಯಲ್ಲಿ ಏನಿತ್ತು ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಚ್ಚಿಡಲು ಅಲ್ಲ ಚಿಕ್ಕವ್ವ. ಪಾತ್ರೆ ಕೊಡಲು ಹೋದರು ಅಂದರೆ ಏನಾದರೂ ಹಾಕಿಕೊಂಡೇ ಹೋದರು ಅಂತ ಅರ್ಥ, ಅದನ್ನು ಬಿಡಿಸಿ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅವಳಿಗೆ ಪಾತ್ರೆ ಅಂದರೆ ಬರೀ ಪಾತ್ರೆ. ಅಷ್ಟರಿಂದ ನಿಮ್ಮನ್ನು ಕಳ್ಳಿ ಮಾಡಿದರು.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಒಳ್ಳೆಯವಳಾಗಿ ಉಳಿಯುತ್ತೇನೆ. ಆದರೆ ಅದನ್ನು ಟಿವಿಯಲ್ಲಿ ನೋಡಿದಾಗ, ಒಂದು ಗಳಿಗೆ, ನಾನು ನಂಬಿದೆ. ನಂಬಲು ಹಿತವಾಗಿತ್ತು. ಆ ಇಬ್ಬರ ಮುಖವನ್ನು ಕೋರ್ಟಿನಲ್ಲಿ ನೋಡಿದಾಗ ನನಗೆ ಏನೂ ಅನ್ನಿಸಿರಲಿಲ್ಲ, ಯಾರೋ ಪರದೇಶಿಗಳು. ಸಿಟ್ಟು ಮಾಡಿಕೊಳ್ಳಲು ನಮ್ಮವರೇ ಒಬ್ಬರು ಬೇಕಾಗಿದ್ದರು. ನೀವು ಸಿಕ್ಕಿದಿರಿ.

ಅವ್ವನ ಕಾರ್ಯ ಮುಗಿಸಿ ಮನೆ ಬೀಗ ಹಾಕುವ ಮುಂಚೆ ಗುಡಿಸಿದವಳು ನಾನು. ಒರಳಿನ ಸಂದಿಯಲ್ಲಿ, ಹೊಸಿಲ ಪಕ್ಕ, ಮಂಚದ ಕೆಳಗೆ, ಎಲ್ಲೆಲ್ಲೂ ಹಿತುಕಿದ ಅವರೆಬೇಳೆ ಒಣಗಿ ಬಿದ್ದಿತ್ತು. ಅವ್ವನಿಗೆ ಹಿತುಕಲು ಆಗುತ್ತಿರಲಿಲ್ಲ ಅಂತ ನನಗೆ ಗೊತ್ತು. ಯಾರು ತಂದದ್ದು ಅಂತಲೂ ಗೊತ್ತಿತ್ತು. ಗುಡಿಸಿ ಹಿತ್ತಲಿಗೆ ಹಾಕಿದೆ, ಯಾರಿಗೂ ಹೇಳಲಿಲ್ಲ.

ಟಿವಿಯವರಿಗೆ ಫೋನ್ ಮಾಡಿದೆ. ನೋಡೋಣ ಅಂದರು. ಮತ್ತೆ ಮಾಡಿದರೆ ಎತ್ತುತ್ತಿಲ್ಲ. ಡಬರಿ ನನ್ನ ಹತ್ತಿರವೇ ಇದೆ, ಕೇಸು ಮುಗಿದ ಮೇಲೆ ಕೋರ್ಟಿನಿಂದ ಕೊಟ್ಟರು. ಬಿದ್ದ ಕಡೆ ನಗ್ಗಿದೆ. ನಿಮಗೆ ಬೇಕಾದರೆ ಹನೂರಿನ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತೇನೆ. ಬೀದಿಯ ಮುಂದೆ ನಿಂತು ಮಾತಾಡುವ ಧೈರ್ಯ ನನಗಿಲ್ಲ.

ಅವ್ವನಿಗೆ ಏನೋ ಒಂದು ಮಾತು ಹೇಳಬೇಕಿತ್ತು ಅಂತ ಬರೆದಿದ್ದಿರಿ. ಏನದು?

ಪವಿತ್ರ

*

ಅಜ್ಜೀಪುರ
6 ಜನವರಿ 2025

ಪವಿತ್ರ,

ಕಂಡಕ್ಟರ್ ಕೈಗೆ ಕೊಟ್ಟು ಕಳಿಸಲು ಅದು ದಿನಪತ್ರಿಕೆಯ ಕಟ್ಟಲ್ಲ.

ಡಬರಿ ನಿನ್ನ ಅವ್ವನದು. ನಾನು ತುಂಬಿಸಿ ಕೊಡಲು ಹೊರಟೆ, ಅವಳ ಕೈ ಸೇರುವ ಮುಂಚೆಯೇ ಬಿತ್ತು. ಆಮೇಲೆ ಸರ್ಕಾರ ಅದನ್ನು ನಿನಗೆ ಖಾಲಿಯಾಗಿ ಕೊಟ್ಟಿತು. ನನ್ನ ಕೈಯಿಂದ ಅದು ಇನ್ನೂ ತಲುಪಿಲ್ಲ. ನೀನೇ ತರಬೇಕು, ಖಾಲಿಯಾಗಿಯೇ ತರಬೇಕು, ನಾನು ಎಲ್ಲರ ಕಣ್ಣೆದುರು ತುಂಬಿಸಿ ಕೊಡುತ್ತೇನೆ. ಧೈರ್ಯ ಇಲ್ಲ ಅಂದೆ. ನನಗೆ ಮಾತ್ರ ಗಂಟು ಕಟ್ಟಿ ಇಟ್ಟಿದ್ದಾರೇನು? ನಲ್ಲಿಯ ಹತ್ತಿರ ಹೋಗುವಾಗ ಈಗಲೂ ಎದೆ ಡವಗುಟ್ಟುತ್ತದೆ. ಡವಗುಟ್ಟಿಕೊಂಡೇ ಹೋಗುತ್ತೇನೆ.

ನಂಬಿದೆ ಅಂತ ಬರೆದದ್ದನ್ನು ಓದಿ ಬಹಳ ನೋವಾಯಿತು. ಬರೆದದ್ದು ಒಳ್ಳೆಯದಾಯಿತು. ಎರಡೂ ನಿಜ.

ಆ ಮಾತು ನಿನ್ನ ಅವ್ವನಿಗೆ ಸೇರಿದ್ದು. ಡಬರಿ ತಲುಪದೆ ಹೇಳುವುದಿಲ್ಲ.

ಕೆಂಪಾಜಮ್ಮ

*

ಯಳಂದೂರು
15 ಜನವರಿ 2025

ಪ್ರೀತಿಯ ಚಿಕ್ಕವ್ವ,

ಭಾನುವಾರ ನೀವು ನನ್ನನ್ನು ಕಂಡದ್ದು ನಾನು ಒಳಗೆ ಬಂದ ಮೇಲೆ. ಅದಕ್ಕೆ ಮುಂಚಿನದನ್ನು ಬರೆಯುತ್ತೇನೆ.

ಕೊಳ್ಳೇಗಾಲದಲ್ಲಿ ಬಸ್ ಬದಲಾಯಿಸಿ ಡಬರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಪಕ್ಕದಲ್ಲಿದ್ದ ಅಜ್ಜಿ ಬಗ್ಗಿ ನೋಡಿ, “ಯಾಕಮ್ಮಿ, ಬರೀ ಡಬರಿ ಇಟ್ಕಂಡು ಒಂಟಿದ್ದೀಯೆ? ಒಳಿಕೆ ಒಂದ್ ಬಾಳೆಣ್ಣಾರ ಆಕಬಾರ್ದಾ?” ಅಂದರು. ನನಗೆ ತಲೆಯೆತ್ತಲಾಗಲಿಲ್ಲ. ಗುರುತಿಲ್ಲದ ಒಬ್ಬರ ಮುಂದೆ ಖಾಲಿ ಪಾತ್ರೆ ಹಿಡಿದು ಕೂರುವುದಕ್ಕೇ ಇಷ್ಟು ನಾಚಿಕೆಯಾದರೆ, ಊರಿಗೂರೇ ನೋಡುವಂತೆ ನಿಮ್ಮ ಕೈಗೆ ಅದನ್ನು ಹಿಡಿಸಿದೆನಲ್ಲ. ಹನೂರು ಬರುವವರೆಗೂ ಅದೇ ಯೋಚನೆ.

ಶಿವನಂಜಯ್ಯನ ಮನೆಯ ಮುಂದೆ ಬಂದಾಗ ಒಳಗೆ ಟಿವಿಯ ಸದ್ದು ಕೇಳುತ್ತಿತ್ತು. ಕಿಟಕಿಯಿಂದ ನೋಡಿದೆ. ನೀವು ಎಲ್ಲರಿಗಿಂತ ಮುಂದೆ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಳು ಹಿತುಕುತ್ತಿದ್ದಿರಿ. ನಿಮ್ಮ ಹತ್ತಿರ ಯಾರೂ ಕೂತಿರಲಿಲ್ಲ. ವಾಪಸ್ ಹೋಗೋಣ ಅನ್ನಿಸಿತು, ಬಸ್ಸೂ ತಿರುಗಿ ನಿಂತಿತ್ತು. ಅಷ್ಟರಲ್ಲಿ ಆ ಕಾಡಿಗೆಯವಳು ಬಂದಳು, ನೀವು ಎದ್ದಿರಿ. ಮೊರವನ್ನು ಸೊಂಟಕ್ಕೆ ಇಟ್ಟುಕೊಂಡು ಟಿವಿಗೆ ಬೆನ್ನು ಹಾಕಿ ನಿಂತಿರಿ.

“ನೋಡ್ಕಳಿ, ಚೆನ್ನಾಗ್ ನೋಡ್ಕಳಿ. ಈ ಎಂಗ್ಸು ಯಾರೋ ನಂಗೊತ್ತಿಲ್ಲ. ನಾನಲ್ಲ. ನಿಮ್ಮ್ ಮನೆ ಪಾತ್ರೆ ನನ್ ಮನೆಯಿಂದ ಒಂದ್ ದಿನನಾರ ಬರಿದಾಗ್ ಬಂದಿದ್ದಾ? ಬಂದಿದ್ರೆ ಯೋಳಿ, ನಾನೇ ಸ್ಟೇಸನ್ಗೆ ಓಯ್ತೀನಿ.”

ನಿಮ್ಮ ದನಿ ಗಟ್ಟಿಯಾಗಿತ್ತು, ಮೊರ ಮಾತ್ರ ಅಲುಗುತ್ತಿತ್ತು. ಅದನ್ನು ನೋಡಿಯೇ ನಾನು ಒಳಗೆ ಬಂದದ್ದು. ಏನು ಹೇಳಬೇಕು ಅಂತ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆಲ್ಲ ಹಾರಿಹೋಯಿತು. “ಡಬರಿ ತುಂಬಿತ್ತು. ಅವ್ವನ್ ಮನೇಲಿ ಚೆಲ್ಲಿದ್ದ ಅವರೆಬೇಳೆ ಗುಡ್ಸುದ್ದು ನಾನು. ಟಿವಿಯೋರ್ಗೆ ಯೋಳ್ದೆ ಇದ್ದೋಳೂ ನಾನೇ” ಅಂದೆ. ಯಳಂದೂರಿಗೆ ಬಂದ ಮೇಲೆ ಬಿಟ್ಟುಹೋಗಿದ್ದ ನಮ್ಮೂರ ಮಾತು ತಾನಾಗಿ ಬಾಯಿಗೆ ಬಂತು.

ನೀವು ನನ್ನನ್ನು ತಬ್ಬಿಕೊಳ್ಳುತ್ತೀರಿ ಅಂದುಕೊಂಡಿದ್ದೆ. “ಡಬರಿ ಕೊಡಮ್ಮಿ” ಅಂದಿರಿ, ಅಷ್ಟೇ. ಕಂಠದವರೆಗೆ ತುಂಬಿದ ಮೇಲೂ ಗೋಪುರ ಮಾಡಿದಿರಿ. ಲಕ್ಷ್ಮಿದೇವಿ ತಲೆ ತಗ್ಗಿಸಿಕೊಂಡು ಸೆರಗಿನಿಂದ ಮೂಗು ಒರೆಸುತ್ತಿದ್ದರು. ಶಿವನಂಜಯ್ಯ ಎದ್ದುಹೋಗಿ ಟಿವಿ ಆರಿಸಿದ.

ಆ ರಾತ್ರಿಯೇ ಸಾರು ಮಾಡಿ ಉಂಡೆ. ಅವ್ವ ಮಾಡಿದ ಹಾಗೆ ಬರಲಿಲ್ಲ. ಆದರೂ ಎರಡು ಸಲ ಹಾಕಿಕೊಂಡೆ, ಚಿಕ್ಕವ್ವ.

ನಿಮ್ಮ,
ಪವಿತ್ರ

*

ಅಜ್ಜೀಪುರ
22 ಜನವರಿ 2025

ಚಿ. ಸೌ. ಪವಿತ್ರಳಿಗೆ ನಿನ್ನ ಚಿಕ್ಕವ್ವ ಕೆಂಪಾಜಮ್ಮ ಮಾಡುವ ಆಶೀರ್ವಾದ.

ಸೇರಿಸಿದ್ದೇನೆ, ನೋಡಿಕೊ.

ಸೋಮವಾರ ಬೆಳಿಗ್ಗೆಯೇ ಲಕ್ಷ್ಮಿದೇವಿ ಬಂದು ಬಾಗಿಲಲ್ಲಿ ನಿಂತಳು. “ಕೂಸ್ಗೆ ನೀರಾಕಕ್ಕೆ ಬಾ ಅಕ್ಕ” ಅಂದಳು. ಹಾಗೆಲ್ಲ ಕರೆದ ಕೂಡಲೇ ಎದ್ದು ಹೋಗುವವಳಲ್ಲ ನಾನು. “ನನ್ ಪಾತ್ರೆ ಬರಿದಾಗ್ ಬಂದಿತ್ತಲ್ಲ, ಅದ್ನ ತಕಂಡೋಗಿ ಸರ್ಯಾಗ್ ತಕಬಾ, ಆಮೇಲ್ ಬತ್ತೀನಿ” ಅಂತ ಹೇಳಿ ಅದೇ ಪಾತ್ರೆಯನ್ನು ಅವಳ ಕೈಗಿಟ್ಟೆ. ಪುಣ್ಯಾತ್ಗಿತ್ತಿ, ಹೋಗಿ ಕಡಲೆಕಾಯಿ ತುಂಬಿಸಿಕೊಂಡು ಬಂದಳು. ಕೂಸು ಗುಂಡುಗುಂಡಾಗಿದೆ. ಮೊದಲ ಚೊಂಬು ನೀರಿಗೇ ನನ್ನ ಸೀರೆ ಒದ್ದೆ ಮಾಡಿತು, ಥೇಟ್ ನೀನೇ.

ಎಲ್ಲರೂ ಸರಿಹೋದರು ಅಂದುಕೊಳ್ಳಬೇಡ. ಶಿವನಂಜಯ್ಯನ ಹೆಂಡತಿ ಇನ್ನೂ ಖಾಲಿ ಪಾತ್ರೆಯನ್ನೇ ಕಳಿಸುತ್ತಾಳೆ. ನಾನೂ ಬಿಡದೆ ಕಳಿಸುತ್ತಿದ್ದೇನೆ. ಅವಳ ಕೈ ಮೊದಲು ಸೋಲುತ್ತದೋ, ನನ್ನ ಅಡುಗೆಮನೆಯೋ ನೋಡೇಬಿಡೋಣ. ಭಾನುವಾರ ಟಿವಿ ನೋಡಲು ಈಗಲೂ ಹೋಗುತ್ತೇನೆ. ಯಾರಾದರೂ ‘ಇವ್ಳೇ’ ಅಂತ ಬಾಯಿ ತೆಗೆದರೆ, “ತಡ್ಕಮ್ಮಿ, ಅವಳ್ ಪಾತ್ರೇಲ್ ಏನಿತ್ತೋ ಯಾರ್ ಕಂಡೋರು” ಅನ್ನುತ್ತೇನೆ.

ಡಬರಿ ತಲುಪಿತು. ಇನ್ನು ಆ ಮಾತು. ಪೊಲೀಸರು ಕೇಳಿದಾಗಲೂ ಇದನ್ನು ಹೇಳಿರಲಿಲ್ಲ. ನಗ್ಗಿದ ಜಾಗದ ಮೇಲೆ ಕೈಯಿಟ್ಟು, ನನ್ನ ಪರವಾಗಿ ನೀನೇ ನಿನ್ನ ಅವ್ವನಿಗೆ ಹೇಳು.

“ದೊಡ್ಡಮಾದಿ, ನಿನ್ನ್ ಮಸ್ಸೊಪ್ಪಿಗೆ ಉಪ್ಪು ಸಾಲ್ದಾಗಿತ್ತು ಕಣಮ್ಮಿ. ಆದ್ರೂ ಬಳ್ಕಂಡ್ ಉಂಡೆ.”

ನಿನ್ನ,
ಚಿಕ್ಕವ್ವ